ಒಂದೇ ಮಾತು, ಎರಡು ತೂಕ: ಬ್ರಿಟಿಷರ ಮತ್ತು ಅಮೆರಿಕನ್ನರ ಇಂಗ್ಲಿಷ್

'ವಾಟರ್' ಎಂಬ ಪದವನ್ನು ನೀವೆಲ್ಲ ಒಮ್ಮೆ ಮೆಲ್ಲಗೆ ಹೇಳಿಕೊಂಡು ನೋಡಿ. ನಾಲಿಗೆಯ ತುದಿ ಮೇಲಕ್ಕೆ ಮಡಿಸಿಕೊಂಡು ನಮ್ಮ ಕನ್ನಡದ ಟಕಾರವೇ ಹೊರಡುತ್ತದೆ, ಕೊನೆಯಲ್ಲಿ ರಕಾರ ಸ್ಪಷ್ಟವಾಗಿ ಕೇಳಿಸುತ್ತದೆ. ಇದೇ ಪದವನ್ನು ಲಂಡನ್ನಿನ ಶಾಲಾ ಶಿಕ್ಷಕಿಯೊಬ್ಬರು ಹೇಳಿದರೆ 'ವೋಟ' ಎಂಬಂತೆ ಕೇಳಿಸುತ್ತದೆ, ಕೊನೆಯ ರಕಾರ ಇರುವುದೇ ಇಲ್ಲ. ಅದೇ ಊರಿನ ಪೂರ್ವ ಭಾಗದಲ್ಲಿ ಹುಟ್ಟಿ ಬೆಳೆದ ಕೆಲಸಗಾರನ ಬಾಯಲ್ಲಿ ನಡುವಿನ ಟಕಾರವೂ ಗಂಟಲಲ್ಲೇ ತಡೆದು ನಿಂತು 'ವೋ' ಮತ್ತು 'ಅ' ಎಂಬ ಎರಡು ತುಂಡುಗಳಷ್ಟೇ ಉಳಿಯುತ್ತವೆ. ಶಿಕಾಗೋದವರ ಬಾಯಲ್ಲಿ ನಾಲಿಗೆ ಹಲ್ಲಿನ ಹಿಂದಿನ ಏಣನ್ನು ಒಮ್ಮೆ ಸವರಿ ಇಳಿಯುತ್ತದೆ. ಅದು ಡಕಾರವೋ ರಕಾರವೋ ಎಂದು ನಮ್ಮ ಕಿವಿ ಒಂದು ಕ್ಷಣ ತಡವರಿಸುತ್ತದೆ, ಆದರೆ ಕೊನೆಯ ರಕಾರ ಮಾತ್ರ ನಮ್ಮದಕ್ಕಿಂತಲೂ ಗಟ್ಟಿಯಾಗಿರುತ್ತದೆ.

ಇಂಥ ವ್ಯತ್ಯಾಸಗಳು ಕೇಳಿದ ಕೂಡಲೇ ತಿಳಿಯುತ್ತವೆ. ತಿಳಿದ ಮೇಲೆ ಎರಡು ದಿನದಲ್ಲಿ ಕಿವಿ ಹೊಂದಿಕೊಳ್ಳುತ್ತದೆ. ನನ್ನನ್ನು ಬಹಳ ವರ್ಷಗಳಿಂದ ಕಾಡಿರುವುದು ಇನ್ನೊಂದು ಬಗೆಯ ವ್ಯತ್ಯಾಸ: ಪದ ಒಂದೇ, ವ್ಯಾಕರಣ ಒಂದೇ, ಉಚ್ಚಾರವೂ ಹೆಚ್ಚುಕಡಿಮೆ ಅರ್ಥವಾಗುವಂಥದ್ದೇ, ಆದರೆ ಹೇಳಿದವರು ಆ ಮಾತಿಗೆ ಇಟ್ಟ ತೂಕ ಒಂದು, ಕೇಳಿದವರು ತೂಗಿಕೊಂಡದ್ದು ಇನ್ನೊಂದು. ಅಲ್ಲಿ ಅಪಾರ್ಥವಾಗಿದೆ ಎಂಬುದೇ ಇಬ್ಬರಿಗೂ ತಿಳಿಯುವುದಿಲ್ಲ. ಇಂದು ಅಲ್ಲಿಗೆ ತಲುಪಬೇಕೆಂಬುದು ನನ್ನ ಉದ್ದೇಶ. ಆದರೆ ದಾರಿ ಉಚ್ಚಾರದಿಂದಲೇ ಹೊರಡಬೇಕು, ಏಕೆಂದರೆ ಅದರ ಬಗ್ಗೆ ನಮ್ಮಲ್ಲಿ ಕೆಲವು ತಪ್ಪು ಕಲ್ಪನೆಗಳು ಬಲವಾಗಿ ಬೇರೂರಿವೆ.

ಇಂಗ್ಲಿಷ್ ಇಂಗ್ಲೆಂಡಿನದು, ಅಮೆರಿಕನ್ನರು ಅದನ್ನು ಕೆಡಿಸಿದರು ಎಂಬುದು ಅವುಗಳಲ್ಲಿ ಮೊದಲನೆಯದು. ರಕಾರವನ್ನೇ ನೋಡೋಣ. ಇಂಗ್ಲೆಂಡಿನಿಂದ ಹೊರಟವರು 1607ರಲ್ಲಿ ವರ್ಜೀನಿಯಾದ ಜೇಮ್ಸ್‌ಟೌನ್‌ನಲ್ಲಿ ನೆಲೆಯೂರಿದಾಗ, ಇಂಗ್ಲೆಂಡಿನ ಬಹುಪಾಲು ಜನ ಪದದ ಕೊನೆಯ ರಕಾರವನ್ನು ಪೂರ್ತಿಯಾಗಿ ಉಚ್ಚರಿಸುತ್ತಿದ್ದರು. ಹೋದವರು ಅದನ್ನು ತಮ್ಮೊಂದಿಗೆ ಒಯ್ದರು. ಅದನ್ನು ಕಳೆದುಕೊಂಡದ್ದು ಮನೆಯಲ್ಲೇ ಉಳಿದವರು, ಅದೂ ಸುಮಾರು ಇನ್ನೂರು ವರ್ಷಗಳ ನಂತರ. ಜಾನ್ ವಾಕರ್ ಎಂಬ ನಿಘಂಟುಕಾರರು 1791ರಲ್ಲಿ ಪ್ರಕಟಿಸಿದ ಉಚ್ಚಾರಣಾ ನಿಘಂಟಿನಲ್ಲಿ, ಲಂಡನ್ನಿನವರ ಬಾಯಲ್ಲಿ ರಕಾರ ಎಷ್ಟು ಮೆದುವಾಗಿದೆಯೆಂದರೆ ಅದು ಸ್ವರವೇ ಆಗಿಬಿಟ್ಟಂತಿದೆ ಎಂಬ ಅರ್ಥದ ಟಿಪ್ಪಣಿ ಬರೆದಿದ್ದಾರೆ. ರಾಜಧಾನಿಯ ಆ ಮಾತು ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಇಂಗ್ಲೆಂಡಿನ ಪ್ರತಿಷ್ಠೆಯ ಮಾತಾಯಿತು. ಸ್ಕಾಟ್ಲೆಂಡ್, ಐರ್ಲೆಂಡ್, ಬ್ರಿಸ್ಟಲ್ಲಿನಿಂದ ಕಾರ್ನ್‌ವಾಲ್‌ವರೆಗಿನ ನೈಋತ್ಯ ಸೀಮೆ, ಇವುಗಳಲ್ಲಿ ರಕಾರ ಉಳಿದುಕೊಂಡಿತು.

ಕನ್ನಡಿಗರಾದ ನಮಗೆ ಇದು ಹೊಸದಾಗಿ ಕಾಣಬಾರದು. ಹತ್ತನೆಯ ಶತಮಾನದ ಕನ್ನಡದಲ್ಲಿ 'ಪಾಲ್', 'ಪೂ', 'ಪುಲಿ' ಎಂದಿದ್ದವು ಮುಂದೆ 'ಹಾಲು', 'ಹೂ', 'ಹುಲಿ' ಆದವು. ಇಂದು ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಆ ಹಕಾರವೂ ಉದುರಿ 'ಆಲು', 'ಊ', 'ಉಲಿ' ಎನ್ನುವುದನ್ನು ನೀವು ದಿನವೂ ಕೇಳುತ್ತೀರಿ. ಪಕಾರ ಹಕಾರವಾದದ್ದನ್ನು ನಾವು ಭಾಷೆಯ ಬೆಳವಣಿಗೆ ಎಂದು ತರಗತಿಯಲ್ಲಿ ಪಾಠ ಮಾಡುತ್ತೇವೆ, ಹಕಾರ ಉದುರಿದ್ದನ್ನು ಮಾತ್ರ ಅಶುದ್ಧ ಎಂದು ತಿದ್ದುತ್ತೇವೆ. ಲಂಡನ್ನಿನ ರಕಾರದ ವಿಷಯದಲ್ಲಿ ಆದದ್ದು ಇದರ ತಿರುವುಮುರುವು: ಅಲ್ಲಿ ಉದುರಿಸಿದವರು ಮೇಲಿನವರಾಗಿದ್ದರು, ಆದ್ದರಿಂದ ಉದುರಿಸುವುದೇ ಶುದ್ಧವೆನಿಸಿತು.

ಹಾಗೆಂದು ಅಮೆರಿಕನ್ನರು ಷೇಕ್ಸ್‌ಪಿಯರನ ಕಾಲದ ಇಂಗ್ಲಿಷನ್ನು ಹಾಗೆಯೇ ಕಾಪಿಟ್ಟುಕೊಂಡಿದ್ದಾರೆ ಎಂಬ ಇನ್ನೊಂದು ಕಥೆಯನ್ನೂ ನಂಬಬೇಡಿ. ರಕಾರವನ್ನು ಉಳಿಸಿಕೊಂಡ ಅವರು ಟಕಾರವನ್ನು ಬದಲಿಸಿಕೊಂಡರು. 'ಹಾಟ್', 'ಕಾಲೇಜ್' ಮೊದಲಾದ ಪದಗಳಲ್ಲಿ ಬ್ರಿಟಿಷರು ತುಟಿ ದುಂಡಗೆ ಮಾಡಿ ಹೇಳುವ ಗಿಡ್ಡ ಸ್ವರವನ್ನು ತುಟಿ ಅಗಲಿಸಿ 'ಆ' ಮಾಡಿಕೊಂಡರು. ಆ ದುಂಡು ಸ್ವರ ಕನ್ನಡದಲ್ಲಿ ಇಲ್ಲದ ಕಾರಣ ನಾವೂ ಅದನ್ನು 'ಆ' ಮಾಡಿಕೊಂಡೆವು. ಡಾಕ್ಟರು, ಕಾಲೇಜು, ಆಫೀಸು ಎಲ್ಲವೂ ಹಾಗೆ ಬಂದವು. ಆದರೆ ಕ್ಲಾಸು, ಪಾಸು, ಫಾಸ್ಟು ಎಂಬ ನಮ್ಮ ಉಚ್ಚಾರಗಳಲ್ಲಿರುವ ದೀರ್ಘ ಆಕಾರ ದಕ್ಷಿಣ ಇಂಗ್ಲೆಂಡಿನದು. ಅಮೆರಿಕನ್ನರೂ, ಯಾರ್ಕ್‌ಷೈರ್ ಮೊದಲಾದ ಉತ್ತರ ಇಂಗ್ಲೆಂಡಿನವರೂ ಅಲ್ಲಿ ಗಿಡ್ಡ ಸ್ವರವನ್ನೇ ಬಳಸುತ್ತಾರೆ. ಅಂದರೆ 'ಬ್ರಿಟಿಷ್ ಉಚ್ಚಾರ' ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದು ಆ ದ್ವೀಪದ ಒಂದು ಮೂಲೆಯ ಉಚ್ಚಾರ. ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ನಡುವೆ ಇರುವುದು ಬೆಂಗಳೂರಿಗೂ ರಾಮನಗರಕ್ಕೂ ಇರುವಷ್ಟೇ ದೂರ. ಮಾತಿನ ಧಾಟಿ ಮಾತ್ರ ಪೂರಾ ಬೇರೆ. 1845ರಲ್ಲಿ ಆರಂಭವಾದ ಐರ್ಲೆಂಡಿನ ಆಲೂಗಡ್ಡೆ ಕ್ಷಾಮದಿಂದ ಕಂಗೆಟ್ಟು ಹಡಗು ಹತ್ತಿದವರು ದೊಡ್ಡ ಸಂಖ್ಯೆಯಲ್ಲಿ ಇಳಿದದ್ದು ಲಿವರ್‌ಪೂಲ್ ಬಂದರಿನಲ್ಲಿ, ಅವರ ಧಾಟಿ ಆ ಊರಿನ ಮಾತಿನೊಳಗೆ ಬೆರೆಯಿತು.

ರಕಾರಕ್ಕೆ ತನ್ನದೇ ಆದ ಮಾನ ಅಥವಾ ಅವಮಾನ ಯಾವುದೂ ಇಲ್ಲ ಎಂಬುದನ್ನು ತೋರಿಸಿಕೊಟ್ಟ ಒಂದು ಅಧ್ಯಯನವಿದೆ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇಷ್ಟು ಸರಳವಾಗಿ ಇಷ್ಟು ದೊಡ್ಡ ಸಂಗತಿಯನ್ನು ಹಿಡಿದ ಕೆಲಸ ಭಾಷಾವಿಜ್ಞಾನದಲ್ಲಿ ಅಪರೂಪ. 1962ರಲ್ಲಿ ವಿಲಿಯಂ ಲಬೋವ್ ಅವರು ನ್ಯೂಯಾರ್ಕ್ ನಗರದ ಮೂರು ದೊಡ್ಡ ಅಂಗಡಿಗಳಿಗೆ ಹೋದರು. ಸ್ಯಾಕ್ಸ್ ಸಿರಿವಂತರ ಅಂಗಡಿ, ಮೇಸೀಸ್ ಮಧ್ಯಮ ವರ್ಗದ್ದು, ಎಸ್. ಕ್ಲೈನ್ ಕೈಬಿಗಿಹಿಡಿದು ಖರ್ಚು ಮಾಡುವವರದ್ದು. ನಾಲ್ಕನೆಯ ಮಹಡಿಯಲ್ಲಿ ಸಿಗುವ ಯಾವುದೋ ಸಾಮಾನಿನ ಹೆಸರು ಹೇಳಿ, ಅದು ಎಲ್ಲಿ ಸಿಗುತ್ತದೆ ಎಂದು ಮಾರಾಟಗಾರರನ್ನು ಅವರು ಕೇಳುತ್ತಿದ್ದರು. 'ಫೋರ್ತ್ ಫ್ಲೋರ್' ಎಂಬ ಉತ್ತರ ಬರಲೇಬೇಕು; ಅದರಲ್ಲಿ ರಕಾರಕ್ಕೆ ಎರಡು ಅವಕಾಶಗಳಿವೆ. ಸರಿಯಾಗಿ ಕೇಳಿಸದವರಂತೆ ಮುಂದಕ್ಕೆ ಬಾಗಿ 'ಏನಂದಿರಿ?' ಎನ್ನುತ್ತಿದ್ದರು. ಆಗ ಮಾರಾಟಗಾರರು ಅದನ್ನೇ ಎಚ್ಚರದಿಂದ ಇನ್ನೊಮ್ಮೆ ಹೇಳುತ್ತಿದ್ದರು. ಲಬೋವ್ ಪಕ್ಕಕ್ಕೆ ಸರಿದು ಕೇಳಿಸಿದ್ದನ್ನು ಗುರುತು ಹಾಕಿಕೊಳ್ಳುತ್ತಿದ್ದರು. ಹೀಗೆ 264 ಜನರ ಮಾತು ಸಿಕ್ಕಿತು. ರಕಾರವನ್ನು ಪೂರ್ತಿಯಾಗಿಯೋ ಆಗೊಮ್ಮೆ ಈಗೊಮ್ಮೆಯೋ ಉಚ್ಚರಿಸಿದವರು ಸ್ಯಾಕ್ಸ್‌ನಲ್ಲಿ ಶೇಕಡಾ 62, ಮೇಸೀಸ್‌ನಲ್ಲಿ ಶೇಕಡಾ 51, ಕ್ಲೈನ್‌ನಲ್ಲಿ ಶೇಕಡಾ 20ರ ಆಸುಪಾಸು. ಮೂರು ಅಂಗಡಿಗಳ ಮಾರಾಟಗಾರರೂ ಒಂದೇ ಬಗೆಯ ಕೆಲಸ ಮಾಡುವವರು. ಆದರೆ ತಾವು ಯಾರ ಎದುರು ನಿಂತಿದ್ದೇವೆ ಎಂಬುದು ಅವರ ನಾಲಿಗೆಯ ತುದಿಯಲ್ಲಿ ಕಾಣಿಸುತ್ತಿತ್ತು.

ನ್ಯೂಯಾರ್ಕಿನಲ್ಲಿ ರಕಾರ ಇಲ್ಲದಿದ್ದದ್ದಾದರೂ ಏಕೆ ಎಂದು ನೀವು ಕೇಳಬಹುದು. ಬಾಸ್ಟನ್, ನ್ಯೂಯಾರ್ಕ್, ಚಾರ್ಲ್ಸ್‌ಟನ್ ಮೊದಲಾದ ಬಂದರು ನಗರಗಳು ಲಂಡನ್ನಿನೊಂದಿಗೆ ಸದಾ ವ್ಯವಹಾರ ಇಟ್ಟುಕೊಂಡಿದ್ದವು. ಲಂಡನ್ನಿನ ಹೊಸ ರೂಢಿ ಆ ಹಡಗುಗಳೊಂದಿಗೆ ಅಲ್ಲಿಗೂ ಬಂದಿತು. 1933ರಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರು 'ಭಯಕ್ಕೇ ನಾವು ಭಯಪಡಬೇಕು' ಎಂಬ ಪ್ರಸಿದ್ಧ ಮಾತನ್ನಾಡಿದಾಗ, ಭಯ ಎಂಬ ಅರ್ಥದ ಇಂಗ್ಲಿಷ್ ಪದ ಅವರ ಬಾಯಲ್ಲಿ 'ಫಿಯ' ಎಂದೇ ಹೊರಟಿತು. ಅಂದು ಅದು ಅಮೆರಿಕದ ಮೇಲ್ವರ್ಗದ ಮಾತು. ಎರಡನೆಯ ಮಹಾಯುದ್ಧದ ನಂತರ ಪ್ರತಿಷ್ಠೆಯ ದಿಕ್ಕು ತಿರುಗಿತು, ದೇಶದ ಒಳನಾಡಿನ ರಕಾರವೇ ಗೌರವದ್ದಾಯಿತು. ಲಬೋವ್ ಹಿಡಿದದ್ದು ಆ ತಿರುವನ್ನು. ಅದೇ ಕಾಲದಲ್ಲಿ ಅಟ್ಲಾಂಟಿಕ್‌ನ ಈಚೆಗೆ, ಬ್ರಿಸ್ಟಲ್ಲಿನ ಹುಡುಗನೊಬ್ಬ ಲಂಡನ್ನಿನಲ್ಲಿ ಮೇಲಿನ ಕೆಲಸ ಬೇಕೆಂದರೆ ತನ್ನ ರಕಾರವನ್ನು ಬಿಡಬೇಕಾಗಿತ್ತು. ನ್ಯೂಯಾರ್ಕಿನ ಹುಡುಗ ಅದನ್ನು ಕಲಿಯಬೇಕಾಗಿತ್ತು.

ಇಲ್ಲಿಗೆ ಉಚ್ಚಾರದ ವಿಷಯ ವರ್ಗದ ವಿಷಯವಾಗುತ್ತದೆ. ಅಮೆರಿಕದವರ ಮಾತು ಕೇಳಿದರೆ ಅವರು ಯಾವ ಸೀಮೆಯವರು, ಕೆಲವೊಮ್ಮೆ ಯಾವ ಜನಾಂಗದವರು ಎಂಬುದು ಮೊದಲು ತಿಳಿಯುತ್ತದೆ. ಇಂಗ್ಲೆಂಡಿನವರ ಮಾತು ಅವರ ತಂದೆ ಏನು ಕೆಲಸ ಮಾಡುತ್ತಿದ್ದರು, ಯಾವ ಬಗೆಯ ಶಾಲೆಗೆ ಕಳಿಸಿದರು ಎಂಬುದನ್ನೂ ಹೇಳಿಬಿಡುತ್ತದೆ. ಧ್ವನಿವಿಜ್ಞಾನಿ ಡೇನಿಯಲ್ ಜೋನ್ಸ್ ಅವರು 1917ರಲ್ಲಿ ತಮ್ಮ ಉಚ್ಚಾರಣಾ ನಿಘಂಟನ್ನು ಹೊರತಂದಾಗ, ತಾವು ದಾಖಲಿಸಿದ್ದು 'ಪಬ್ಲಿಕ್ ಸ್ಕೂಲ್'ಗಳ ಉಚ್ಚಾರ ಎಂದೇ ಕರೆದರು. ಆ ಹೆಸರಿನಲ್ಲೇ ಒಂದು ಗೊಂದಲವಿದೆ: ಅಮೆರಿಕದಲ್ಲಿ ಪಬ್ಲಿಕ್ ಸ್ಕೂಲ್ ಎಂದರೆ ಸರ್ಕಾರಿ ಶಾಲೆ, ಇಂಗ್ಲೆಂಡಿನಲ್ಲಿ ಈಟನ್, ಹ್ಯಾರೋಗಳಂಥ ದುಬಾರಿ ಖಾಸಗಿ ವಸತಿಶಾಲೆ. ಈ ವಸತಿಶಾಲೆಗಳ ಉಚ್ಚಾರವನ್ನು 1922ರಲ್ಲಿ ಆರಂಭವಾದ ಬಿಬಿಸಿ ತನ್ನ ಬಾನುಲಿಯ ದನಿಯಾಗಿ ಮಾಡಿಕೊಂಡಿತು. ಯಾವ ಪದವನ್ನು ಹೇಗೆ ಉಚ್ಚರಿಸಬೇಕೆಂದು ತೀರ್ಮಾನಿಸಲು 1926ರಲ್ಲಿ ಒಂದು ಸಮಿತಿಯನ್ನೇ ನೇಮಿಸಿತು. ಆಸ್ಥಾನ ಕವಿ ರಾಬರ್ಟ್ ಬ್ರಿಜಸ್ ಅದರ ಅಧ್ಯಕ್ಷರಾಗಿದ್ದರು, ಬರ್ನಾರ್ಡ್ ಷಾ ಅದರಲ್ಲಿದ್ದರು. ಯುದ್ಧದ ನಡುವೆ, 1941ರಲ್ಲಿ, ವಿಲ್‌ಫ್ರೆಡ್ ಪಿಕಲ್ಸ್ ಎಂಬ ಯಾರ್ಕ್‌ಷೈರಿನವರನ್ನು ರಾಷ್ಟ್ರೀಯ ವಾರ್ತೆ ಓದಲು ಕೂರಿಸಿದರು. ಅವರು ತಮ್ಮ ಸೀಮೆಯ ಜನರಿಗೆ 'ಗುಡ್ ನೀಟ್' ಎಂದು ಶುಭರಾತ್ರಿ ಕೋರುತ್ತಿದ್ದರು. ಆ ಒಂದು ದೀರ್ಘ ಈಕಾರ ಅನೇಕರನ್ನು ಕೆರಳಿಸಿತು, ಆಕ್ಷೇಪಗಳು ಬಂದವು. ಬಾಂಬುಗಳು ಬೀಳುತ್ತಿದ್ದ ದಿನಗಳಲ್ಲೂ ಜನ ಒಂದು ಸ್ವರಕ್ಕಾಗಿ ಮನಸ್ಸು ಕೆಡಿಸಿಕೊಂಡರು ಎಂಬುದನ್ನು ಓದಿದಾಗಲೆಲ್ಲ ನನಗೆ ನೋವಾಗುತ್ತದೆ.

ಮಾರ್ಗರೆಟ್ ಥ್ಯಾಚರ್ ಅವರದು ಇನ್ನೂ ಹತ್ತಿರದ ಉದಾಹರಣೆ. ಲಿಂಕನ್‌ಷೈರಿನ ಗ್ರಾಂತಮ್ ಎಂಬ ಪಟ್ಟಣದ ದಿನಸಿ ಅಂಗಡಿಯವರ ಮಗಳು ಆಕೆ. ಹುಟ್ಟೂರಿನ ಧಾಟಿಯನ್ನು ಎಳವೆಯಲ್ಲೇ ಕಳಚಿಟ್ಟರು, ರಾಜಕೀಯದಲ್ಲಿ ಮೇಲೇರುವಾಗ ದನಿಯನ್ನು ತಗ್ಗಿಸಿಕೊಳ್ಳಲು ತರಬೇತಿಯನ್ನೂ ಪಡೆದರು. ಆದರೆ 1983ರ ಏಪ್ರಿಲ್‌ನಲ್ಲಿ, ಪ್ರಧಾನಿಯಾಗಿ ಸಂಸತ್ತಿನಲ್ಲಿ ವಾಗ್ವಾದದ ಬಿಸಿಯಲ್ಲಿದ್ದಾಗ, ಚುನಾವಣೆಗೆ ಹೆದರಿದಿರಾ ಎಂದು ವಿರೋಧಿಗಳನ್ನು ಕೆಣಕುತ್ತ ಅವರು 'ಫ್ರಿಟ್' ಎಂದುಬಿಟ್ಟರು. ಹೆದರಿದವನು ಎಂಬುದಕ್ಕೆ ಲಿಂಕನ್‌ಷೈರಿನ ಬೀದಿಯ ಮಾತು ಅದು. ಅಷ್ಟು ವರ್ಷ ಒಳಗೆ ಅಡಗಿದ್ದ ಗ್ರಾಂತಮ್ ಒಂದೇ ಪದವಾಗಿ ಹೊರಬಂದಿತ್ತು. ಮೇಲಕ್ಕೆ ಏರುವವರ ಮಾತಷ್ಟೇ ಬದಲಾಗುತ್ತದೆ ಎಂದೂ ತಿಳಿಯಬೇಡಿ. ರಾಣಿ ಎರಡನೆಯ ಎಲಿಜಬೆತ್ ಅವರ ಕ್ರಿಸ್‌ಮಸ್ ಭಾಷಣಗಳನ್ನು ಜೊನಾಥನ್ ಹ್ಯಾರಿಂಗ್‌ಟನ್ ಮತ್ತು ಸಂಗಡಿಗರು ಅಳತೆ ಮಾಡಿ 2000ದಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. 1950ರ ದಶಕಕ್ಕೂ 1980ರ ದಶಕಕ್ಕೂ ನಡುವೆ ರಾಣಿಯವರ ಸ್ವರಗಳು ದಕ್ಷಿಣ ಇಂಗ್ಲೆಂಡಿನ ಸಾಮಾನ್ಯ ಸುಶಿಕ್ಷಿತರ ಸ್ವರಗಳತ್ತ ಸರಿದಿದ್ದವು.

ಪದಗಳ ವ್ಯತ್ಯಾಸವನ್ನು ನಾನು ಬೇಗ ದಾಟುತ್ತೇನೆ. ಲಿಫ್ಟ್ ಮತ್ತು ಎಲಿವೇಟರ್, ಪೆಟ್ರೋಲ್ ಮತ್ತು ಗ್ಯಾಸ್ ಎಂಬ ಪಟ್ಟಿ ನಿಮಗೆಲ್ಲ ಗೊತ್ತಿರುವುದೇ. ಕಾಗುಣಿತದ ವ್ಯತ್ಯಾಸ ಬಹುಮಟ್ಟಿಗೆ ನೋವಾ ವೆಬ್‌ಸ್ಟರ್ ಎಂಬ ಒಬ್ಬ ಹಟವಾದಿಯ ದುಡಿಮೆಯ ಫಲ. ಹೊಸ ರಾಷ್ಟ್ರಕ್ಕೆ ತನ್ನದೇ ಬರವಣಿಗೆ ಬೇಕೆಂದು ಅವರು ನಂಬಿದ್ದರು, 1828ರ ಅವರ ನಿಘಂಟು ಅದನ್ನು ಸ್ಥಿರಗೊಳಿಸಿತು. ಆದರೆ ಇಲ್ಲೂ ಯಾರದು ಮೂಲ, ಯಾರದು ಕೆಡಿಸಿದ್ದು ಎಂದು ಹೇಳುವಾಗ ಎಚ್ಚರ ಬೇಕು. ಕಾಲ್ಚೆಂಡಾಟವನ್ನು 'ಸಾಕರ್' ಎನ್ನುವುದಕ್ಕೆ ಬ್ರಿಟಿಷರು ಅಮೆರಿಕನ್ನರನ್ನು ಹಳಿಯುತ್ತಾರೆ. ಆ ಪದ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ, 'ಅಸೋಸಿಯೇಷನ್ ಫುಟ್‌ಬಾಲ್' ಎಂಬುದನ್ನು ವಿದ್ಯಾರ್ಥಿಗಳು ಮೊಟಕು ಮಾಡಿದ್ದರಿಂದ. ಅಮೆರಿಕನ್ನರ 'ಅಲ್ಯೂಮಿನಮ್' ಕೂಡ 1812ರಲ್ಲಿ ಇಂಗ್ಲೆಂಡಿನ ರಸಾಯನವಿಜ್ಞಾನಿ ಹಂಫ್ರಿ ಡೇವಿಯವರೇ ಬಳಸಿದ ರೂಪ. ಅದಕ್ಕೆ ಇಕಾರ ಸೇರಿಸಿದ್ದು ಬ್ರಿಟನ್ನಿನ ಪತ್ರಿಕೆಯವರು. ನಾವು ಕಾರಿನ ಹಿಂಭಾಗವನ್ನು 'ಡಿಕ್ಕಿ' ಎನ್ನುತ್ತೇವಲ್ಲ, ಅದೂ ಇಂಗ್ಲೆಂಡಿನದೇ. ಅಲ್ಲಿ ಬಹುತೇಕ ಮರೆತುಹೋದ ಪದವನ್ನು ಬೆಂಗಳೂರಿನ ಮೆಕ್ಯಾನಿಕ್‌ಗಳು ಇಂದಿಗೂ ಉಳಿಸಿಕೊಂಡಿದ್ದಾರೆ.

ಪದ ಬೇರೆಯಾದಾಗ ಕೇಳಿದವನು 'ಹಾಗೆಂದರೇನು?' ಎಂದು ಕೇಳುತ್ತಾನೆ, ತೊಂದರೆ ಅಲ್ಲಿಗೆ ತೀರುತ್ತದೆ. ಪದ ಒಂದೇ ಆದಾಗ ಯಾರೂ ಕೇಳುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಎರಡೂ ದೇಶಗಳ ಸೇನಾಧಿಕಾರಿಗಳು ಒಂದೇ ಮೇಜಿನ ಸುತ್ತ ಕುಳಿತಿದ್ದಾಗ ನಡೆದದ್ದನ್ನು ವಿನ್‌ಸ್ಟನ್ ಚರ್ಚಿಲ್ ತಮ್ಮ ಯುದ್ಧಸ್ಮರಣೆಗಳಲ್ಲಿ ಬರೆದಿದ್ದಾರೆ. ಬ್ರಿಟಿಷರು ಒಂದು ಟಿಪ್ಪಣಿಯನ್ನು 'ಟೇಬಲ್' ಮಾಡೋಣ ಎಂದರು. ಅವರ ರೂಢಿಯಲ್ಲಿ ಹಾಗೆಂದರೆ ಈಗಲೇ ಚರ್ಚೆಗೆ ತೆಗೆದುಕೊಳ್ಳುವುದು. ಅಮೆರಿಕನ್ನರ ರೂಢಿಯಲ್ಲಿ ಅದೇ ಪದಕ್ಕೆ ವಿಷಯವನ್ನು ಬದಿಗಿಟ್ಟು ಮುಂದೂಡುವುದು ಎಂದರ್ಥ. ಅಷ್ಟು ಮುಖ್ಯವಾದದ್ದನ್ನು ಮುಂದೂಡಕೂಡದು ಎಂದು ಅಮೆರಿಕನ್ನರು ಹಟ ಹಿಡಿದರು, ಬ್ರಿಟಿಷರು ಟೇಬಲ್ ಮಾಡಲೇಬೇಕೆಂದರು. ಬಹಳ ಹೊತ್ತು ಕಟುವಾಗಿ ವಾದಿಸಿದ ಮೇಲೆ ಇಬ್ಬರಿಗೂ ಬೇಕಾಗಿದ್ದದ್ದು ಒಂದೇ ಎಂದು ತಿಳಿಯಿತು. ನಮ್ಮ ವಿಧಾನಸಭೆಯಲ್ಲಿ ವರದಿಯನ್ನು 'ಟೇಬಲ್ ಮಾಡಿದರು' ಎಂದು ಪತ್ರಕರ್ತರು ಹೇಳುವಾಗ ಬಳಸುವುದು ಬ್ರಿಟಿಷ್ ಅರ್ಥವನ್ನು, ಅಂದರೆ ಮಂಡಿಸುವುದನ್ನು.

ಅಲ್ಲಿ ಕಳೆದುಹೋದದ್ದು ಬರಿಯ ಸಮಯ. ಕೊರಿಯಾದಲ್ಲಿ ಹಾಗಾಗಲಿಲ್ಲ. 1951ರ ಏಪ್ರಿಲ್ 22ರ ರಾತ್ರಿ ಚೀನೀ ಸೇನೆ ಇಮ್‌ಜಿನ್ ನದಿಯ ಬಳಿ ಭಾರೀ ಸಂಖ್ಯೆಯಲ್ಲಿ ದಾಳಿ ಆರಂಭಿಸಿತು. ಆ ಸಾಲನ್ನು ಹಿಡಿದಿದ್ದವರಲ್ಲಿ ಬ್ರಿಟನ್ನಿನ 29ನೆಯ ಬ್ರಿಗೇಡ್ ಒಂದು; ಅದರೊಳಗೆ ಗ್ಲಾಸ್ಟರ್‌ಷೈರ್ ರೆಜಿಮೆಂಟಿನ ಒಂದು ಬೆಟಾಲಿಯನ್ ಇತ್ತು. ಗ್ಲಾಸ್ಟರ್‌ನವರು ತಮಗಿಂತ ಎಷ್ಟೋ ಪಟ್ಟು ಹೆಚ್ಚಿನ ಸೈನ್ಯದ ಎದುರು ಗುಡ್ಡಗಳ ಮೇಲೆ ಸಿಕ್ಕಿಕೊಂಡರು. ಬ್ರಿಗೇಡಿಯರ್ ಟಾಮ್ ಬ್ರೋಡಿಯವರ ಮೇಲಧಿಕಾರಿ ಅಮೆರಿಕದ ಮೇಜರ್ ಜನರಲ್ ರಾಬರ್ಟ್ ಸೋಲ್. ಪರಿಸ್ಥಿತಿ ಹೇಗಿದೆ ಎಂದು ಸೋಲ್ ಕೇಳಿದಾಗ ಬ್ರೋಡಿಯವರು, ಇಲ್ಲಿ ತುಸು 'ಸ್ಟಿಕಿ' ಆಗಿದೆ ಎಂಬ ಉತ್ತರ ಕೊಟ್ಟರೆಂದು ಹೇಳಲಾಗುತ್ತದೆ. ಕನ್ನಡದಲ್ಲಿ 'ಸ್ವಲ್ಪ ಇಕ್ಕಟ್ಟಾಗಿದೆ' ಎನ್ನಬಹುದು. ಬ್ರಿಟಿಷ್ ಸೇನಾಧಿಕಾರಿಯ ಬಾಯಲ್ಲಿ ಆ ಮಾತು ಸಾವಿನ ಅಂಚಿನಲ್ಲಿದ್ದೇವೆ ಎಂಬುದಕ್ಕೆ ಸಮ. ಅಪಾಯ ದೊಡ್ಡದಾದಷ್ಟೂ ಮಾತು ಚಿಕ್ಕದಾಗಬೇಕು, ಎದೆಯೊಳಗಿನ ಗಾಬರಿ ದನಿಗೆ ತಟ್ಟಬಾರದು ಎಂಬ ಶಿಸ್ತಿನಲ್ಲಿ ಬೆಳೆದ ಜನ ಅವರು. ಅಮೆರಿಕದ ಅಧಿಕಾರಿ ಪದಗಳನ್ನು ಇದ್ದ ಹಾಗೆ ತೂಗಿದರು: ಸ್ವಲ್ಪ ಇಕ್ಕಟ್ಟಿದೆ, ಆದರೆ ನಿಭಾಯಿಸುತ್ತಿದ್ದಾರೆ. ಕೂಡಲೇ ಹಿಂದಕ್ಕೆ ಬರಲು ಆದೇಶ ಹೋಗಲಿಲ್ಲ. ಸುತ್ತುವರಿಯಲ್ಪಟ್ಟ ಗ್ಲಾಸ್ಟರ್‌ನವರು 235ನೆಯ ಗುಡ್ಡದ ಮೇಲೆ 25ರವರೆಗೆ ಕಾದಾಡಿದರು. ಕೊನೆಗೆ ತಪ್ಪಿಸಿಕೊಂಡು ಬಂದವರು ಕೆಲವೇ ಮಂದಿ, ಉಳಿದವರಲ್ಲಿ ಬಹುಪಾಲು ಜನ ಸತ್ತರು ಅಥವಾ ಸೆರೆ ಸಿಕ್ಕರು. ಅಷ್ಟು ಸಾವುನೋವಿಗೆ ಒಂದು ವಾಕ್ಯವೇ ಕಾರಣ ಎನ್ನುವುದು ಸರಿಯಲ್ಲ, ಯುದ್ಧಭೂಮಿಯಲ್ಲಿ ಕಾರಣಗಳು ಹಲವು. ಆದರೂ ಆ ವಾಕ್ಯದಲ್ಲಿ ಅರ್ಥವಾಗದ ಒಂದು ಪದವೂ ಇರಲಿಲ್ಲ, ತಡವರಿಸುವಂಥ ಒಂದು ಧ್ವನಿಯೂ ಇರಲಿಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಿ.

ಈ ತಗ್ಗಿಸಿ ಹೇಳುವ ರೂಢಿ ನಮಗೆ ಅಪರಿಚಿತವಲ್ಲ. ಮನೆಯಿಂದ ಹೊರಡುವಾಗ 'ಹೋಗುತ್ತೇನೆ' ಎನ್ನದೆ 'ಹೋಗಿ ಬರುತ್ತೇನೆ' ಎನ್ನುವವರು ನಾವು. ಊಟ ಹೇಗಿತ್ತು ಎಂದರೆ 'ಪರವಾಗಿಲ್ಲ' ಎನ್ನುತ್ತೇವೆ. ಆ ಒಂದು ಪದ ದನಿಯನ್ನು ಅನುಸರಿಸಿ ಮೆಚ್ಚುಗೆಯೂ ಆಗುತ್ತದೆ, ಸಮಾಧಾನವೂ ಆಗುತ್ತದೆ, ಕೆಲವೊಮ್ಮೆ ನಿರಾಸೆಯೂ ಆಗುತ್ತದೆ. ಬ್ರಿಟಿಷರ 'ನಾಟ್ ಬ್ಯಾಡ್' ಇದಕ್ಕೆ ಬಹಳ ಹತ್ತಿರದ್ದು. 'ಕ್ವೈಟ್ ಗುಡ್' ಎಂಬ ಮಾತನ್ನು ಗಮನಿಸಿ. ಅಮೆರಿಕದ ಪ್ರಾಧ್ಯಾಪಕರು ನಿಮ್ಮ ಪ್ರಬಂಧದ ಮೇಲೆ ಹಾಗೆ ಬರೆದರೆ ಅದು ನಿಜವಾಗಿಯೂ ಚೆನ್ನಾಗಿದೆ. ಇಂಗ್ಲೆಂಡಿನ ಪ್ರಾಧ್ಯಾಪಕರು ಅದನ್ನೇ ಬರೆದರೆ, ಇನ್ನೂ ದುಡಿಯಬೇಕಾಗಿದೆ ಎಂದು ಸೌಜನ್ಯದಿಂದ ಹೇಳಿದ್ದಾರೆ. ನಮ್ಮೂರುಗಳಿಂದ ಓದಲು ಹೋದ ಮಕ್ಕಳು ಆ ಎರಡು ಪದಗಳನ್ನು ನೋಡಿ ಹಿಗ್ಗಿ, ಆಮೇಲೆ ಅಂಕ ನೋಡಿ ಕುಗ್ಗಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ.

ಮಾತು ಮಾತ್ರವಲ್ಲ, ಮೌನಕ್ಕೂ ತೂಕವಿದೆ. 1942ರಲ್ಲಿ ಅಮೆರಿಕದ ಯುದ್ಧ ಇಲಾಖೆ ಬ್ರಿಟನ್ನಿಗೆ ಹೊರಟ ತನ್ನ ಸೈನಿಕರ ಕೈಗೆ ಒಂದು ಸಣ್ಣ ಕೈಪಿಡಿಯನ್ನು ಕೊಟ್ಟು ಕಳಿಸಿತು. ರೈಲಿನಲ್ಲೋ ಬಸ್ಸಿನಲ್ಲೋ ಪಕ್ಕದಲ್ಲಿ ಕುಳಿತ ಬ್ರಿಟಿಷರು ನಿಮ್ಮನ್ನು ಮಾತಾಡಿಸದಿದ್ದರೆ ಅದು ಜಂಬವಲ್ಲ. ಸಣ್ಣ ದ್ವೀಪದಲ್ಲಿ ಕೋಟಿಗಟ್ಟಲೆ ಜನ ಒತ್ತೊತ್ತಾಗಿ ಬದುಕುವಾಗ ಒಬ್ಬರ ಏಕಾಂತವನ್ನು ಇನ್ನೊಬ್ಬರು ಕಾಯುವ ಬಗೆ ಅದು ಎಂಬ ಅರ್ಥದ ಮಾತು ಅದರಲ್ಲಿದೆ. 'ನಾನು ಬಮ್ ಥರ ಕಾಣುತ್ತಿದ್ದೇನೆ' ಎನ್ನಬೇಡಿ ಎಂದೂ ಎಚ್ಚರಿಸಿದ್ದಾರೆ. ಅಮೆರಿಕದಲ್ಲಿ 'ಬಮ್' ಎಂದರೆ ಅಲೆಮಾರಿ, ಬ್ರಿಟನ್ನಿನಲ್ಲಿ ಕುಂಡೆ. ಸೈನಿಕರಿಗೆ ಬಂದೂಕಿನ ಜೊತೆಗೆ ಇಂಥ ತಿಳಿವಳಿಕೆಯೂ ಬೇಕೆಂದು ಯಾರೋ ಒಬ್ಬರು ಕುಳಿತು ಯೋಚಿಸಿದರಲ್ಲ, ಅವರ ಬಗ್ಗೆ ನನಗೆ ಬಹಳ ಗೌರವವಿದೆ. ವಲಸೆಯಿಂದಲೇ ಕಟ್ಟಿದ ಅಮೆರಿಕದಲ್ಲಿ ಅಪರಿಚಿತರನ್ನು ಮಾತಾಡಿಸದೆ ಬದುಕೇ ಸಾಗದ ಊರುಗಳಿದ್ದವು; ಅಲ್ಲಿ ಮೌನವಾಗಿ ಕುಳಿತವನ ಮೇಲೆಯೇ ಅನುಮಾನ.

ನಡವಳಿಕೆಗಳೆಲ್ಲ ಸ್ವಭಾವದಿಂದಲೇ ಬರುತ್ತವೆ ಎಂದೂ ಹೇಳಲಾಗದು. ಅಮೆರಿಕದ ಹೋಟೆಲಿನಲ್ಲಿ ಬಡಿಸುವವರ ನಗು, ವಿಚಾರಣೆ, ಬಿಲ್ಲಿನ ಮೇಲೆ ಶೇಕಡಾ 15ರಿಂದ 20ರಷ್ಟು ಟಿಪ್ಸ್ ಇವುಗಳ ಹಿಂದೆ ಕೂಲಿಯ ಕಾನೂನಿದೆ. ಟಿಪ್ಸ್ ಸಿಗುವ ಕೆಲಸಗಾರರಿಗೆ ಮಾಲೀಕರು ಕೊಡಬೇಕಾದ ಕನಿಷ್ಠ ಕೂಲಿಯನ್ನು ಅಲ್ಲಿನ ಕೇಂದ್ರ ಸರ್ಕಾರ 1991ರಿಂದ ಗಂಟೆಗೆ 2.13 ಡಾಲರಿನಲ್ಲೇ ನಿಲ್ಲಿಸಿದೆ. ಹೆಚ್ಚು ಕೊಡಬೇಕೆಂದು ಹಲವು ರಾಜ್ಯಗಳು ನಿಯಮ ಮಾಡಿಕೊಂಡಿವೆ. ಬ್ರಿಟನ್ನಿನಲ್ಲಿ ಟಿಪ್ಸನ್ನು ಕನಿಷ್ಠ ಕೂಲಿಯ ಲೆಕ್ಕಕ್ಕೆ ಸೇರಿಸುವಂತಿಲ್ಲ. ಹೀಗಿರುವಾಗ ಅಮೆರಿಕದವರ ನಗು ಕೃತಕ, ಬ್ರಿಟಿಷರು ಬಿಗುಮಾನದವರು ಎಂದು ನಾವು ತೀರ್ಪು ಕೊಡುವುದು ಅನ್ಯಾಯ.

ಕೊನೆಯದಾಗಿ ನಮ್ಮೂರಿನ ಒಂದು ಪ್ರಸಂಗ. 2000ದ ನಂತರದ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಕಾಲ್ ಸೆಂಟರ್‌ಗಳು ಹೆಚ್ಚಿದಾಗ, ಉಚ್ಚಾರ ತಿದ್ದುವ ತರಬೇತಿಗೆ ನಾನು ಕೆಲವು ಕಾಲ ಹೋಗುತ್ತಿದ್ದೆ. ಸಂಜೆ ಆರಕ್ಕೆ ಪಾಠ, ರಾತ್ರಿ ಪಾಳಿಗೆ ಕೆಲಸ. ಹುಡುಗ ಹುಡುಗಿಯರಿಗೆ ಅಲ್ಲಿ ಹೊಸ ಹೆಸರುಗಳನ್ನು ಕೊಡುತ್ತಿದ್ದರು. 'ತಟಸ್ಥ ಉಚ್ಚಾರ' ಕಲಿಸಿ ಎಂದು ನನಗೆ ಹೇಳುತ್ತಿದ್ದರು. ಅಂಥದ್ದು ಪ್ರಪಂಚದಲ್ಲಿ ಎಲ್ಲೂ ಇಲ್ಲ, ಎಲ್ಲ ಉಚ್ಚಾರವೂ ಯಾವುದೋ ಒಂದು ಊರಿನದೇ. ತಮ್ಮ ಊರಿನ ಮಾತಿಗೆ ಆ ಮಕ್ಕಳು ನಾಚಿಕೊಳ್ಳುವುದನ್ನು ನೋಡಿ ನಾನು ಸಂಕಟಪಟ್ಟಿದ್ದೇನೆ. ಹಾಸನದ ಕಡೆಯ ಒಬ್ಬ ಹುಡುಗಿ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದು, ಎಡಕ್ಕೆ 'ಷೆಡ್ಯೂಲ್', ಬಲಕ್ಕೆ 'ಸ್ಕೆಜುಲ್', ಎಡಕ್ಕೆ 'ಟೊಮಾಟೊ', ಬಲಕ್ಕೆ 'ಟೊಮೇಟೊ' ಎಂದು ಕನ್ನಡ ಅಕ್ಷರಗಳಲ್ಲೇ ಬರೆದುಕೊಂಡಿದ್ದಳು. ಉಚ್ಚಾರದಲ್ಲಿ ಅವಳು ತಪ್ಪುವುದು ಅಪರೂಪವಾಗಿತ್ತು.

ಒಂದು ದಿನ ಇಂಗ್ಲೆಂಡಿನ ವೃದ್ಧರೊಬ್ಬರ ಕರೆ ಅವಳಿಗೆ ಬಂದಿತ್ತು. ಮಾತು ಮುಗಿದ ಮೇಲೆ ಅವಳು ತೃಪ್ತ ಗ್ರಾಹಕ ಎಂಬ ಕಾಲಮಿನಲ್ಲಿ ಗುರುತು ಹಾಕಿದ್ದಳು. ಮಾರನೆಯ ಸಂಜೆ ಪಾಠಕ್ಕೆಂದು ಆ ಧ್ವನಿಮುದ್ರಣವನ್ನು ಹಾಕಿದಾಗ ಆ ಹಿರಿಯರ ಮಾತು ನನಗೆ ಕೇಳಿಸಿತು. ಒಂದಿಷ್ಟೂ ದನಿಯೇರಿಸದೆ, ತಮಗೆ ಇದರಿಂದ 'ಪೂರ್ತಿಯಾಗಿ ಸಂತೋಷವಾಗಿಲ್ಲ' ಎಂದಿದ್ದರು, 'ಸ್ವಲ್ಪ ಬೇಸರದ ಸಂಗತಿ' ಎಂದಿದ್ದರು, ನಡುವೆ ಎರಡು ಸಲ ತಾವೇ ಕ್ಷಮೆ ಕೇಳಿದ್ದರು, ಕೊನೆಯಲ್ಲಿ ಧನ್ಯವಾದ ಹೇಳಿ ಫೋನ್ ಇಟ್ಟಿದ್ದರು. 'ಸರ್, ಅವರು ಬೈಯಲೇ ಇಲ್ಲವಲ್ಲ' ಎಂದಳು ಆ ಹುಡುಗಿ. ಧ್ವನಿಮುದ್ರಣವನ್ನು ಇನ್ನೊಮ್ಮೆ ಹಾಕಿ, 'ಪೂರ್ತಿಯಾಗಿ' ಎಂಬ ಪದದ ಮೇಲೆ ನಿಲ್ಲಿಸಿದೆ. ಅವರು ಆ ಪದಕ್ಕೆ ಮುಂಚೆ ಒಂದು ಉಸಿರಿನಷ್ಟು ತಡೆದಿದ್ದರು. 'ನಿಮ್ಮ ಅಜ್ಜ ಸಿಟ್ಟು ಬಂದಾಗ ಕೂಗುತ್ತಿದ್ದರೇ?' ಎಂದು ಕೇಳಿದೆ. 'ಇಲ್ಲ ಸರ್, ಮಾತು ಕಡಿಮೆ ಮಾಡುತ್ತಿದ್ದರು' ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ನೋಟ್‌ಬುಕ್ ತೆರೆದಳು, ಎರಡು ಕಾಲಮುಗಳ ಕೆಳಗೆ ಅಡ್ಡಗೆರೆ ಎಳೆದು ಆ ವಾಕ್ಯವನ್ನು ಪೂರ್ತಿಯಾಗಿ ಬರೆದುಕೊಂಡಳು. ಆ ರಾತ್ರಿ ಪಾಳಿ ಶುರುವಾದ ಕೂಡಲೇ ಮೇಲ್ವಿಚಾರಕರ ಅನುಮತಿ ಪಡೆದು ಆ ಹಿರಿಯರಿಗೆ ಅವಳೇ ಮರಳಿ ಫೋನ್ ಮಾಡಿದಳು.